ಅಪ್ಪನ ಮನೆಯಿಂದ ಬಂದ ಮೇಲೆ ಮಗ ಸಿಡುಕುತ್ತಾನೆ, ಕಳಿಸೋದು ನಿಲ್ಲಿಸಲಾ?

ಪ್ರಶ್ನೆ: ನಾನು ಗಂಗಾವತಿಯಲ್ಲಿ ತವರು ಮನೆಯಲ್ಲಿದ್ದೇನೆ. ಗಂಡ ತೋರಣಗಲ್ಲಿನಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾರೆ. ಒಂದೂವರೆ ವರ್ಷದಿಂದ ಬೇರೆ ಇದ್ದೇವೆ. ಕೋರ್ಟಿಗೆ ಹೋಗಿಲ್ಲ, ಹಿರಿಯರು ಕೂತು ಮಾತಾಡಿದ್ದಾರೆ. ಮಗನಿಗೆ 8 ವರ್ಷ, ಮಗಳಿಗೆ 4. ಎರಡು ವಾರಕ್ಕೊಮ್ಮೆ ಶನಿವಾರ ಅವರು ಬಂದು ಮಕ್ಕಳನ್ನು ಕರೆದುಕೊಂಡು ಹೋಗಿ ಭಾನುವಾರ ಸಂಜೆ ತಂದು ಬಿಡುತ್ತಾರೆ. ಬಂದ ಮೇಲೆ ಮಗ ಎಲ್ಲದಕ್ಕೂ ಸಿಡುಕುತ್ತಾನೆ, ಮಗಳು ಹಾಸಿಗೆ ಒದ್ದೆ ಮಾಡುತ್ತಾಳೆ. ಮಗ 'ನಾನು ಹೋಗಲ್ಲ' ಅನ್ನುತ್ತಾನೆ, ಆದರೆ ಅಪ್ಪ ಫೋನ್ ಮಾಡಿದರೆ ನಗುನಗುತ್ತಾ ಮಾತಾಡುತ್ತಾನೆ. ಅವರು ಮಕ್ಕಳಿಗೆ ಎಂದೂ ಕೈ ಎತ್ತಿದವರಲ್ಲ, ಕುಡಿತವೂ ಇಲ್ಲ. ಆದರೆ ಖರ್ಚಿಗೆ ದುಡ್ಡು ಸರಿಯಾಗಿ ಕೊಡಲ್ಲ. ಅಮ್ಮ, ಅಣ್ಣ ಇಬ್ಬರೂ 'ದುಡ್ಡು ಕೊಡೋ ತನಕ ಮಕ್ಕಳನ್ನು ಕಳಿಸಬೇಡ' ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಬರುವ ಶನಿವಾರದ ಬಗ್ಗೆ ನೀವು ಈಗಲೇ ತಲೆ ಕೆಡಿಸಿಕೊಂಡಿರುತ್ತೀರಿ. ನಿಮ್ಮ ಪತ್ರದಲ್ಲಿ ಒಂದು ಸಾಲು ಇದೆ, ಅವರು ಮಕ್ಕಳಿಗೆ ಹೊಡೆದವರಲ್ಲ, ಕುಡಿಯೋದೂ ಇಲ್ಲ ಅಂತ. ಆ ಸಾಲು ಇರದಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು. ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ಮಗನ ಸಿಟ್ಟು. ಬರುತ್ತಲೇ ಸಿಡುಕಿದರೆ, ಮುಖ ಗಂಟು ಹಾಕಿಕೊಂಡರೆ, 'ಅಲ್ಲಿ ಏನೋ ಆಗಿದೆ, ಯಾರೋ ತಲೆ ಕೆಡಿಸಿದ್ದಾರೆ' ಅಂತ ಮನೆಯವರಿಗೆ ಅನ್ನಿಸುತ್ತದೆ. ಬಹಳಷ್ಟು ಸಲ ಅಲ್ಲಿ ಏನೂ ಆಗಿರೋದಿಲ್ಲ. ಅವನು ಈಗಷ್ಟೇ ಅಪ್ಪನನ್ನು ಬಿಟ್ಟು ಬಂದಿದ್ದಾನೆ, ಮತ್ತೆ ನೋಡೋದು ಎರಡು ವಾರ ಆದ ಮೇಲೆ, ಮತ್ತು ಆ ಬೇಜಾರನ್ನು ಈ ಮನೆಯಲ್ಲಿ ಬಾಯಿ ಬಿಟ್ಟು ಹೇಳೋ ಹಾಗಿಲ್ಲ ಅಂತ ಅವನಿಗೆ ಗೊತ್ತಿದೆ. 'ಅಪ್ಪ ನೆನಪಾಗ್ತಾರೆ' ಅಂದರೆ ಅಮ್ಮ ಅಳಬಹುದು, ಅಜ್ಜಿ ಬೈಯಬಹುದು. ಹಾಗಾಗಿ ಅದು ಊಟದ ತಟ್ಟೆಯ ಮೇಲೆ, ಹೋಮ್‌ವರ್ಕ್ ಮೇಲೆ, ತಂಗಿಯ ಮೇಲೆ ಸಿಟ್ಟಾಗಿ ಹೊರಬರುತ್ತದೆ. ಎರಡು ದಿನ ಅಲ್ಲಿ ಒಳ್ಳೆ ಹುಡುಗನಾಗಿ ಇದ್ದು, ಇಲ್ಲಿ ನಿಮ್ಮ ಮುಂದೆ ಸಡಿಲಾಗುತ್ತಾನೆ. ನಿಮ್ಮ ಹತ್ತಿರ ಸಿಟ್ಟು ಮಾಡಿದರೂ ನೀವು ಬಿಟ್ಟು ಹೋಗಲ್ಲ ಅನ್ನುವ ನಂಬಿಕೆ ಅವನಿಗಿದೆ. ಇದು ನಿಮಗೆ ಕಷ್ಟ, ಗೊತ್ತು. ವಾರವೆಲ್ಲ ಸಾಕೋದು ನೀವು, ಸಿಟ್ಟು ತಿನ್ನೋದೂ ನೀವೇ.

ಮಗಳ ವಿಷಯದಲ್ಲಿ ಸ್ವಲ್ಪ ಸಮಾಧಾನ ಹೇಳಬಲ್ಲೆ. ಐದು ವರ್ಷದೊಳಗಿನ ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡೋದನ್ನು ವೈದ್ಯರು ಕಾಯಿಲೆ ಅಂತ ಲೆಕ್ಕ ಹಾಕುವುದಿಲ್ಲ. ಮೊದಲು ನಿಂತಿದ್ದು ಈಗ ಮತ್ತೆ ಶುರುವಾಗಿದ್ದರೆ, ಮನೆ ಬದಲಾಗುವ ಒತ್ತಡ ಒಂದು ಕಾರಣ ಇರಬಹುದು. ಆದರೆ ಸಣ್ಣ ಕಾರಣಗಳನ್ನೂ ನೋಡಿ. ಭಾನುವಾರ ರಾತ್ರಿ ಮಾತ್ರ ಆಗುತ್ತಿದೆಯಾ? ಹಾಗಾದರೆ ಬಸ್ಸಿನ ದಣಿವು, ದಾರಿಯಲ್ಲಿ ಕುಡಿದ ಜ್ಯೂಸು, ಮಲಗುವ ಮೊದಲು ಮೂತ್ರಕ್ಕೆ ಹೋಗದೆ ನಿದ್ದೆಗೆ ಬಿದ್ದದ್ದು, ಇವೇ ಸಾಕು. ಬೇರೆ ದಿನಗಳಲ್ಲೂ ಆಗುತ್ತಿದ್ದರೆ, ಉರಿ ಅನ್ನುತ್ತಿದ್ದರೆ, ಮಲಬದ್ಧತೆ ಇದ್ದರೆ ಮಕ್ಕಳ ಡಾಕ್ಟರ್ ಹತ್ತಿರ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಿ. ಯಾವ ಕಾರಣಕ್ಕೂ ಅವಳಿಗೆ ನಾಚಿಕೆ ಆಗುವ ಹಾಗೆ ಮಾಡಬೇಡಿ, ಎಲ್ಲರ ಮುಂದೆ ಹೇಳಬೇಡಿ. ನಾಲ್ಕು ವರ್ಷದ ಮಗು ಮನೆಯಲ್ಲಿ ನಡೆದದ್ದಕ್ಕೆಲ್ಲ ತಾನೇ ಕಾರಣ ಅಂದುಕೊಳ್ಳುತ್ತದೆ. 'ನಾನು ಹಟ ಮಾಡಿದ್ದಕ್ಕೆ ಅಪ್ಪ ಹೋದರು' ಅಂತ ಒಳಗೇ ನಂಬಿರುವ ಮಕ್ಕಳು ಬಹಳ ಇದ್ದಾರೆ. ಹಾಗಾಗಿ ಅವಳಿಗೆ ಆಗಾಗ ಹೇಳುತ್ತಿರಿ, ಅಪ್ಪ ಅಮ್ಮ ಬೇರೆ ಇರೋದು ದೊಡ್ಡವರ ವಿಷಯ, ನೀನು ಏನೂ ಮಾಡಿಲ್ಲ ಅಂತ. ಒಂದು ಸಲ ಹೇಳಿದರೆ ಆಗೋದಿಲ್ಲ.

ಈಗ 'ನಾನು ಹೋಗಲ್ಲ' ಅನ್ನುವ ಮಾತು. ಈ ಮಾತನ್ನು ಅವನು ಯಾರ ಮುಂದೆ ಹೇಳುತ್ತಾನೆ ಅಂತ ಗಮನಿಸಿದ್ದೀರಾ? ಅಜ್ಜಿ ಮುಂದೆ, ಮಾಮನ ಮುಂದೆ, ನಿಮ್ಮ ಮುಂದೆ. ಫೋನಿನಲ್ಲಿ ಅಪ್ಪನ ಜೊತೆ ನಗುತ್ತಾನೆ. ಎರಡೂ ಸುಳ್ಳಲ್ಲ. ಈ ಮನೆಯಲ್ಲಿ ಯಾವ ಉತ್ತರ ಕೇಳಿದರೆ ಎಲ್ಲರಿಗೂ ನಿರಾಳ ಆಗುತ್ತದೆ ಅಂತ ಅವನಿಗೆ ಅರ್ಥವಾಗಿದೆ, ಅದನ್ನು ಕೊಡುತ್ತಿದ್ದಾನೆ. ಅಲ್ಲಿ ಹೋದಾಗ ಅಪ್ಪನಿಗೆ ಬೇಕಾದ ಉತ್ತರ ಅಲ್ಲಿ ಕೊಡುತ್ತಿರಬಹುದು, 'ನಂಗೆ ಗಂಗಾವತಿ ಇಷ್ಟ ಇಲ್ಲ' ಅಂತಲೂ ಅಂದಿರಬಹುದು. ಎಂಟು ವರ್ಷದ ಮಗು ಇಬ್ಬರನ್ನೂ ಸಂತೋಷವಾಗಿಡಲು ಹೀಗೆ ಹೆಣಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇವಿಸ್ ಹೆದರಿಂಗ್ಟನ್ ಬೇರೆಯಾದ ಕುಟುಂಬಗಳನ್ನು ದಶಕಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದವರು. ಅವರ ಲೆಕ್ಕದಲ್ಲಿ ಬೇರೆಯಾದ ಮನೆಗಳ ಮಕ್ಕಳಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಗಂಭೀರ ತೊಂದರೆಗಳು ಕಂಡವು, ಬೇರೆಯಾಗದ ಮನೆಗಳಲ್ಲಿ ಸುಮಾರು 10. ಅಂದರೆ ಬೇರೆಯಾದ ಮನೆಯ ಮಕ್ಕಳಲ್ಲೂ ಜಾಸ್ತಿ ಮಂದಿ ಚೆನ್ನಾಗಿಯೇ ಬೆಳೆಯುತ್ತಾರೆ. ಈ ವಿಷಯದ ಮೇಲೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ಹೇಳುವ ಮಾತು ಒಂದು: ಅಪ್ಪ ಅಮ್ಮ ಬೇರೆ ಇರೋದಕ್ಕಿಂತ ಅವರ ಜಗಳದ ನಡುವೆ ಸಿಕ್ಕಿಕೊಳ್ಳೋದು ಮಗುವಿಗೆ ಜಾಸ್ತಿ ಪೆಟ್ಟು ಕೊಡುತ್ತದೆ. ನಿಮ್ಮ ಮಗ ಸಿಕ್ಕಿಕೊಂಡಿರೋದು ಅಲ್ಲೇ, ಮತ್ತು ಅದನ್ನು ಬಿಡಿಸೋದರಲ್ಲಿ ಅರ್ಧ ಕೆಲಸ ನಿಮ್ಮ ಕೈಯಲ್ಲೇ ಇದೆ.

ನಿಮ್ಮ ತಾಯಿ, ಅಣ್ಣ ಕೆಟ್ಟ ಉದ್ದೇಶದಿಂದ ಹೇಳುತ್ತಿಲ್ಲ. ಮಗಳು ಕಣ್ಣೀರು ಹಾಕಿಕೊಂಡು ತವರಿಗೆ ಬಂದದ್ದನ್ನು ನೋಡಿದವರು ಅವರು. ಆದರೆ ಅವರ ಸಿಟ್ಟನ್ನು ಮಕ್ಕಳು ಹೊರಬೇಕಾ? ಮನೆಯಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡಿ: ಮಕ್ಕಳ ಕಿವಿಗೆ ಬೀಳುವ ಹಾಗೆ ಅವರ ಅಪ್ಪನನ್ನು ಯಾರೂ ಬೈಯಬಾರದು. ಅದರಲ್ಲೂ ಮಗ ಹಟ ಮಾಡಿದಾಗ 'ಥೇಟ್ ನಿಮ್ಮಪ್ಪನೇ' ಅನ್ನೋದು ನಮ್ಮ ಕಡೆ ಬಾಯಿಗೆ ಸಲೀಸಾಗಿ ಬರುವ ಮಾತು. ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ. ಅಪ್ಪ ಕೆಟ್ಟವನು ಅಂತ ದಿನಾ ಕೇಳುವ ಮನೆಯಲ್ಲಿ 'ನೀನು ಅಪ್ಪನ ಹಾಗೆ' ಅಂದರೆ ಮಗು ಏನು ತಿಳಿದುಕೊಳ್ಳಬೇಕು? ಅವನ ಮೂಗು, ನಡಿಗೆ, ನಗು ಅಪ್ಪನದ್ದೇ ಇರಬಹುದು. ಅದನ್ನು ಅವನು ಜೀವನಪೂರ್ತಿ ಹೊತ್ತುಕೊಂಡು ಓಡಾಡಬೇಕು.

ಮಕ್ಕಳನ್ನು ಕಳಿಸುವ, ಕರೆದುಕೊಳ್ಳುವ ಆ ಹತ್ತು ನಿಮಿಷಗಳ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಎಲ್ಲ ಕೆಡೋದು ಇಲ್ಲೇ. ಈಗ ಅವರು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಅಣ್ಣ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿರುತ್ತಾರೆ, ಅಮ್ಮ ಒಳಗಿಂದ ಏನೋ ಅನ್ನುತ್ತಾರೆ, ಅವರು ಗಾಡಿ ಮೇಲೆ ಕೂತೇ ಹಾರ್ನ್ ಹೊಡೆಯುತ್ತಾರೆ. ನಾನು ಊಹಿಸುತ್ತಿದ್ದೇನೆ, ಆದರೆ ತುಂಬಾ ಮನೆಗಳಲ್ಲಿ ಹೀಗೇ ಇರುತ್ತದೆ ಅಲ್ವಾ? ಆ ಹೊತ್ತಿಗೆ ಮಕ್ಕಳ ಎದೆ ಎಷ್ಟು ಹೊಡೆದುಕೊಳ್ಳುತ್ತಿರುತ್ತದೆ ಅಂತ ಒಮ್ಮೆ ಯೋಚಿಸಿ. ಜಾಗ ಬದಲಿಸಿ ನೋಡಿ. ಹೊಸಪೇಟೆ ನಿಮ್ಮಿಬ್ಬರ ದಾರಿಯ ಮಧ್ಯೆಯೇ ಬರುತ್ತದೆ. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ, ಎಲ್ಲರೂ ಓಡಾಡುವ ಜಾಗದಲ್ಲಿ, ಮಕ್ಕಳನ್ನು ಒಪ್ಪಿಸಿ ವಾಪಸ್ ಬರಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗಾಗಲಿ ಅಜ್ಜಿಗಾಗಲಿ ಟಿಕೆಟ್ ದುಡ್ಡೂ ಇಲ್ಲ. ಅಜ್ಜಿಗೆ ಅವರ ಮುಖ ನೋಡಲು ಮನಸ್ಸಿಲ್ಲದಿದ್ದರೆ ಇಬ್ಬರಿಗೂ ಬೇಕಾದ ಒಬ್ಬ ಹಿರಿಯರನ್ನು ಕೇಳಿ. ಆ ಹೊತ್ತಿನಲ್ಲಿ ದುಡ್ಡಿನ ಮಾತು ಬೇಡ, ಫೀಸಿನ ಮಾತು ಬೇಡ, ಹಳೆಯ ಲೆಕ್ಕ ಬೇಡ. ಮಗಳು ಮಧ್ಯಾಹ್ನ ಮಲಗಿಲ್ಲ, ಕೆಮ್ಮು ಇದೆ, ಔಷಧಿ ಬ್ಯಾಗಿನಲ್ಲಿದೆ. ಇಷ್ಟು ಸಾಕು. ಮಕ್ಕಳಿಗೆ 'ಹೋಗಿ ಬಾ, ಅಪ್ಪನ ಜೊತೆ ಚೆನ್ನಾಗಿರು' ಅನ್ನಿ, ನಗುತ್ತಾ ಅನ್ನಿ. ನೀವು ಕಣ್ಣೊರೆಸಿಕೊಂಡು ಕಳಿಸಿದರೆ ಮಗ ಅಲ್ಲಿ ಎರಡೂ ದಿನ ನಿಮ್ಮ ಬಗ್ಗೆಯೇ ಯೋಚಿಸುತ್ತಾ ಕೂರುತ್ತಾನೆ.

ವಾಪಸ್ ಬಂದ ರಾತ್ರಿ ಪ್ರಶ್ನೆ ಕೇಳಬೇಡಿ. ಏನು ತಿಂದೆ, ಯಾರ್ಯಾರು ಬಂದಿದ್ದರು, ನನ್ನ ಬಗ್ಗೆ ಏನಂದರು, ದುಡ್ಡಿನ ಬಗ್ಗೆ ಏನಾದರೂ ಅಂದರಾ. ಪ್ರೀತಿಯಿಂದಲೇ ಕೇಳಿದರೂ ಮಗುವಿಗೆ ಅದು ಜಬಾಬು ತೆಗೆದುಕೊಂಡ ಹಾಗೇ ಅನ್ನಿಸುತ್ತದೆ. ಸ್ನಾನ, ಬಿಸಿ ಊಟ, ಬೇಗ ನಿದ್ದೆ. ಬೇಕಾದರೆ ಅವನು ಸುಮ್ನೆ ಒಂದು ಮೂಲೆಯಲ್ಲಿ ಕೂತಿರಲಿ. ಸೋಮವಾರ ಶಾಲೆಯಿಂದ ಬಂದ ಮೇಲೆ ಅವನಾಗಿಯೇ 'ಅಪ್ಪ ಡ್ಯಾಂ ತೋರಿಸಿದ್ರು' ಅಂದರೆ 'ಹೌದಾ, ನೀರು ಎಷ್ಟಿತ್ತು?' ಅನ್ನಿ. ಅಪ್ಪನ ಜೊತೆಗಿನ ಖುಷಿಯನ್ನು ಅಮ್ಮನ ಮುಂದೆ ಹೇಳಬಹುದು ಅಂತ ಅವನಿಗೆ ಗೊತ್ತಾದ ದಿನದಿಂದ ಭಾನುವಾರದ ಸಿಟ್ಟು ಇಳಿಯಲು ಶುರುವಾಗುತ್ತದೆ. ಒಂದೇ ವಾರದಲ್ಲಿ ಆಗಲ್ಲ, ಕೆಲವು ತಿಂಗಳು ಹಿಡಿಯಬಹುದು.

ಅಪ್ಪ ಕೊಡಿಸಿದ ಬಟ್ಟೆ, ಆಟದ ಸಾಮಾನು ನಿಮ್ಮ ಮನೆಯಲ್ಲಿ ಎಲ್ಲಿವೆ? ಬೀರುವಿನ ಮೇಲೆ ಕಟ್ಟಿ ಇಟ್ಟಿದ್ದರೆ ಇಳಿಸಿ. ಆ ಅಂಗಿ ಹಾಕಿಕೊಂಡು ಅವನು ಶಾಲೆಗೂ ಆಟಕ್ಕೂ ಹೋಗಲಿ. ಮಗಳ ಹೊದಿಕೆ, ಅವಳು ಅಪ್ಪಿಕೊಂಡು ಮಲಗುವ ಗೊಂಬೆ ಎರಡೂ ಕಡೆ ಓಡಾಡಲಿ. ಸಣ್ಣ ಮಕ್ಕಳಿಗೆ ಎರಡು ವಾರ ಅನ್ನೋದು ಬಹಳ ದೊಡ್ಡ ಅವಧಿ, ಅಷ್ಟರಲ್ಲಿ ಅಪ್ಪನ ದನಿ ದೂರವಾಗುತ್ತದೆ. ಹಾಗಾಗಿ ನಡುವೆ ವಿಡಿಯೊ ಕಾಲ್ ಇರಲಿ. ಅವರದು ಶಿಫ್ಟ್ ಕೆಲಸ ಇದ್ದರೆ ದಿನಾ ಒಂದೇ ಹೊತ್ತಿಗೆ ಆಗಲ್ಲ, ವಾರದ ಶಿಫ್ಟ್ ನೋಡಿಕೊಂಡು ಹೊತ್ತು ಗೊತ್ತು ಮಾಡಿ. 2020ರ ಜನವರಿಯ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಮಗು ಯಾರ ಬಳಿ ಇಲ್ಲವೋ ಅವರಿಗೆ ಫೋನ್, ವಿಡಿಯೊ ಕಾಲ್ ಮೂಲಕ ಆದಷ್ಟು ಹೆಚ್ಚಾಗಿ ಮಾತಾಡುವ ಅವಕಾಶ ಇರಬೇಕು ಅಂತ. ಮಾತಾಡುವಾಗ ಪಕ್ಕದಲ್ಲೇ ಕೂರಬೇಡಿ, ಸ್ಪೀಕರ್ ಹಾಕಬೇಡಿ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಅವರ ನಂಬರ್ ಸೇರಿಸಿ, ಅಂಕಪಟ್ಟಿಯ ಫೋಟೊ ಕಳಿಸಿ, ಪೋಷಕರ ಸಭೆಗೆ ಅವರೂ ಬರಲಿ.

ಹಬ್ಬಗಳ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಪಂಚಮಿಗೆ ನೀವು ತವರಲ್ಲೇ ಇರುತ್ತೀರಿ, ಜೋಕಾಲಿ, ಉಂಡಿ ಎಲ್ಲ ಇಲ್ಲೇ ಆಗಲಿ. ದಸರಾ ರಜೆಯ ಅರ್ಧ ಅಲ್ಲಿ. ಯುಗಾದಿ ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಅವರ ತಾತ ಅಜ್ಜಿ ಹುಲಿಗೆಮ್ಮನ ಜಾತ್ರೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರೆ ಅದನ್ನು ತಪ್ಪಿಸಬೇಡಿ. ನಿಮ್ಮ ಗಂಡನ ಜೊತೆ ನಿಮಗೆ ಮುರಿದಿದೆ, ಮಕ್ಕಳಿಗೆ ಆ ತಾತ ಅಜ್ಜಿ ಮುರಿದಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಅಮ್ಮ, ಅಣ್ಣ ಹೇಳುವುದರಲ್ಲಿ ಒಂದು ನ್ಯಾಯ ಇದೆ: ಮಕ್ಕಳ ಖರ್ಚು ಅಪ್ಪ ಕೊಡಲೇಬೇಕು. ಆದರೆ 'ದುಡ್ಡು ಕೊಟ್ಟರೆ ಮಕ್ಕಳು' ಅನ್ನೋದು ಮಕ್ಕಳನ್ನು ಅಡ ಇಟ್ಟ ಹಾಗಾಗುತ್ತದೆ. ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ ದಾರಿಗಳು. ಜೀವನಾಂಶಕ್ಕೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಇತ್ತು, 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ನೀವು ಇರುವ ಕಡೆಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಬಳ್ಳಾರಿಗೆ ಅಲೆಯಬೇಕಿಲ್ಲ. ವಿಚ್ಛೇದನ ಕೇಳದೆಯೂ ಮಕ್ಕಳಿಗೆ, ನಿಮಗೆ ಜೀವನಾಂಶ ಕೇಳಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಗಂಗಾವತಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ದುಡ್ಡಿಗೆ ಅಲ್ಲಿ ಗಟ್ಟಿಯಾಗಿ ಹೋರಾಡಿ, ನಿಮ್ಮ ಹಕ್ಕು ಅದು. ಆ ಹೋರಾಟ ಶನಿವಾರದ ಹೊಸಪೇಟೆ ಬಸ್ ಸ್ಟ್ಯಾಂಡಿಗೆ ಬರದಿರಲಿ.

ಇನ್ನೊಂದು ಭಯವೂ ನಿಮಗೆ ಇದ್ದೀತು, ಹೀಗೆ ಕಳಿಸುತ್ತಾ ಹೋದರೆ ಅವರು ಮಕ್ಕಳನ್ನೇ ಇಟ್ಟುಕೊಂಡುಬಿಡುತ್ತಾರಾ ಅಂತ. ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಕಾಯ್ದೆಯಲ್ಲಿ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅಂತ ಇದೆ. ದೊಡ್ಡ ಮಗುವಿನ ವಿಷಯದಲ್ಲೂ ಕೋರ್ಟ್ ನೋಡೋದು ಮಗುವಿನ ಹಿತ. 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯಂತೆ, ಬುದ್ಧಿ ಬಂದ ಮಗುವಿನ ಇಷ್ಟವನ್ನೂ ಕೋರ್ಟ್ ಕೇಳಬಹುದು. ಅರ್ಜಿ ಹಾಕಬೇಕಾದದ್ದು ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇದೆಯೋ ಅಲ್ಲಿ. ಅಪ್ಪನ ಜೊತೆ ಮಕ್ಕಳ ಸಂಬಂಧ ಉಳಿಸಿದ ತಾಯಿಯ ಮಾತಿಗೆ ಕೋರ್ಟಿನಲ್ಲಿ ತೂಕ ಇರುತ್ತದೆ, ಕಾರಣವಿಲ್ಲದೆ ತಡೆದವರಿಗೆ ಅದು ಮುಳುವಾಗಬಹುದು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿದೆ. ಅದರ 9ನೇ ವಿಧಿಯಲ್ಲಿ, ಹೆತ್ತವರಿಂದ ಬೇರೆಯಾದ ಮಗುವಿಗೆ ಇಬ್ಬರ ಜೊತೆಗೂ ನಿಯಮಿತ ಸಂಪರ್ಕ ಇಟ್ಟುಕೊಳ್ಳುವ ಹಕ್ಕಿದೆ, ಅದರಿಂದ ಮಗುವಿಗೇ ಕೆಡುಕಾಗುವ ಸಂದರ್ಭ ಬಿಟ್ಟು. ಗಮನಿಸಿ, ಹಕ್ಕು ಮಗುವಿನದು. ನೀವು ಶನಿವಾರ ಮಕ್ಕಳನ್ನು ಕಳಿಸುವಾಗ ಗಂಡನಿಗೆ ಉಪಕಾರ ಮಾಡುತ್ತಿಲ್ಲ.

ಆ ಕೊನೆಯ ಮಾತು, ಕೆಡುಕಾಗುವ ಸಂದರ್ಭ, ಅದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಅವರು ಕುಡಿದು ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡರೆ, ಹೊಡೆದರೆ, ಮೈಮೇಲೆ ಗಾಯ ಕಂಡರೆ, ಆ ಮನೆಯ ಯಾರೋ ಒಬ್ಬರ ಹೆಸರು ಹೇಳಿದರೆ ಮಗು ಬೆದರಿದರೆ, ಮಗಳು ಗುಪ್ತಾಂಗದಲ್ಲಿ ನೋವು ಅಂದರೆ, ಆಗ ಕಳಿಸಬೇಡಿ. ಹಿರಿಯರು ಏನಂದಾರು ಅಂತ ಕಾಯಬೇಡಿ. ಡಾಕ್ಟರಿಗೆ ತೋರಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಭೇಟಿಯಿಂದ ಮಗುವಿಗೆ ಹಾನಿ ಇದೆ ಅನ್ನಿಸಿದರೆ ಅದನ್ನು ನಿರಾಕರಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ನಿಮ್ಮ ಪತ್ರದಲ್ಲಿ ಇಂಥದ್ದು ಯಾವುದೂ ಇಲ್ಲ. ಬರೀ ಸಿಡುಕು, ಬರೀ ಒದ್ದೆ ಹಾಸಿಗೆ ಇಂಥ ಲಕ್ಷಣ ಅಲ್ಲ. ಆದರೆ ಮಗನ ಸಿಟ್ಟು ವಾರವಿಡೀ ಇಳಿಯದಿದ್ದರೆ, ಓದು ಬಿಟ್ಟರೆ, ನಿದ್ದೆ ಕೆಟ್ಟರೆ, ಸಾಯುವ ಮಾತಾಡಿದರೆ ಕೊಪ್ಪಳದ ಅಥವಾ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹಿರಿಯರ ಮುಂದೆ ಆದ ಮಾತು ಬಾಯಿಮಾತಲ್ಲೇ ಉಳಿದಿದ್ದರೆ ಈಗ ಕಾಗದಕ್ಕೆ ತನ್ನಿ. ಯಾವ ಶನಿವಾರ, ಎಷ್ಟು ಹೊತ್ತಿಗೆ, ಎಲ್ಲಿ, ನೈಟ್ ಶಿಫ್ಟ್ ಬಿದ್ದ ವಾರ ಏನು, ಯಾವ ಹಬ್ಬ ಎಲ್ಲಿ, ಜ್ವರ ಬಂದರೆ ಯಾರು ಯಾರಿಗೆ ಹೇಳಬೇಕು. ನೀವಿಬ್ಬರೇ ಕೂತರೆ ಜಗಳ ಆಗುತ್ತದೆ ಅಂದರೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಕೇಳಿ, ಅಲ್ಲಿ ತರಬೇತಿ ಇರುವವರು ಕೂರಿಸಿ ಮಾತಾಡಿಸುತ್ತಾರೆ. ದಿನನಿತ್ಯದ ವಿಷಯ ಮೆಸೇಜಿನಲ್ಲಿ ಇರಲಿ, ಚಿಕ್ಕದಾಗಿ, ಮಕ್ಕಳ ಬಗ್ಗೆ ಮಾತ್ರ. ಮಗನ ಕೈಯಲ್ಲಿ 'ಅಪ್ಪನಿಗೆ ಫೀಸು ಕಟ್ಟೋಕೆ ಹೇಳು' ಅಂತ ಕಳಿಸೋದು ಬೇಡವೇ ಬೇಡ.

ಕೊನೆಗೆ, ಅವರು ಬರ್ತೀನಿ ಅಂದು ಬಾರದೇ ಇರುವ ಶನಿವಾರಗಳೂ ಇರುತ್ತವೆ. ಶಿಫ್ಟ್ ಬದಲಾಗಬಹುದು, ಅಥವಾ ಸುಮ್ನೆ ಬರದೇ ಇರಬಹುದು. ಹಿಂದಿನ ರಾತ್ರಿಯೇ ಅವರಿಂದ ಖಾತ್ರಿ ಮಾಡಿಕೊಂಡು, ಆಮೇಲೆ ಮಕ್ಕಳಿಗೆ ಹೇಳಿ. ಬೆಳಗ್ಗೆಯೇ ಹೊಸ ಬಟ್ಟೆ ಹಾಕಿಸಿ ಕಟ್ಟೆ ಮೇಲೆ ಕೂರಿಸಬೇಡಿ. ಆದರೂ ಬರದಿದ್ದರೆ 'ನೋಡಿದ್ಯಾ ನಿಮ್ಮಪ್ಪನ್ನ' ಅನ್ನುವ ಮಾತು ನಾಲಿಗೆಯ ತುದಿಗೆ ಬರುತ್ತದೆ, ತಡೆಯಿರಿ. ಹಾಗಂತ ಅಪ್ಪನ ಪರವಾಗಿ ಸುಳ್ಳು ಕಾರಣವನ್ನೂ ಕಟ್ಟಬೇಡಿ. 'ಅಪ್ಪ ಇವತ್ತು ಬರೋಕೆ ಆಗಲಿಲ್ಲ. ನಿನಗೆ ಬೇಜಾರಾಗಿದೆ ಅಲ್ವಾ? ಸಂಜೆ ಅಪ್ಪನಿಗೆ ಫೋನ್ ಮಾಡೋಣ' ಅನ್ನಿ, ಸಂಜೆ ಮರೆಯದೆ ಫೋನ್ ಹಚ್ಚಿಕೊಡಿ.